ಮನೆವಾರ್ತೆ: ಮಳೆ ಬಂತು, ಇರುವೆಯೂ ಬಂತು



ಹೋದ ಸಂಚಿಕೆಯಲ್ಲಿ ಹಪ್ಪಳ, ಸಂಡಿಗೆಗಳನ್ನು ಮಳೆಗಾಲಕ್ಕೆ ಜೋಪಾನ ಮಾಡಿ ಇಡುವ ಬಗ್ಗೆ ನಾಲ್ಕು ಮಾತು ಬರೆದಿದ್ದೆವು. ಅದನ್ನು ಓದಿದ ಹುಣಸೂರು ಕಡೆಯ ಸೋದರಿಯೊಬ್ಬರು ಕಾಗದ ಬರೆದು, "ಹಪ್ಪಳದ ಡಬ್ಬಿಯ ಮಾತು ಹಾಗಿರಲಿ, ನಮ್ಮಲ್ಲಿ ದೇವರ ಕೋಣೆಯ ಅಕ್ಷತೆಯ ಬಟ್ಟಲಿಗೂ ಇರುವೆ ಮುತ್ತುತ್ತದೆ. ಕೊಲ್ಲಲು ಮನಸ್ಸು ಬಾರದು, ಸುಮ್ಮನಿರಲು ಆಗದು. ತಾವು ಅಂಗಡಿ ನಡೆಸಿದವರು, ಏನಾದರೂ ಉಪಾಯ ತಿಳಿಸಿ" ಎಂದು ಕೇಳಿದ್ದಾರೆ. ಈ ಪ್ರಶ್ನೆ ಎಂದಾದರೊಂದು ದಿನ ಬಂದೇ ಬರುತ್ತದೆಂದು ನಮಗೆ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ವರ್ಷ ನಾವೇ ಎತ್ತಿಕೊಳ್ಳದೆ ಇದ್ದೆವು. ಯಾಕೆಂಬುದು ಮುಂದೆ ಓದಿದರೆ ತಿಳಿಯುತ್ತದೆ.

ನಾವಿರುವುದು ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ. ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ಮಲಯಾಳ. ಎಡವ ಮಾಸದ ಅರ್ಧ ಕಳೆದ ಮೇಲೆ, ಅಂದರೆ ಜೂನ್ ಮೊದಲ ವಾರದ ಹೊತ್ತಿಗೆ, ಇಲ್ಲಿ ಮಳೆ ಹಿಡಿಯುತ್ತದೆ. ಮೊದಲ ಎರಡು ದಿನ ನೆಲ ನೀರು ಕುಡಿಯುತ್ತದೆ. ಮೂರನೆಯ ದಿನ ಇರುವೆ ಮನೆಯೊಳಗೆ ಇರುತ್ತದೆ. ನೆಲದೊಳಗಿನ ಗೂಡಿಗೆ ನೀರು ನುಗ್ಗಿದ ಮೇಲೆ ಮೊಟ್ಟೆ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಎತ್ತರದ ಒಣ ಜಾಗ ಹುಡುಕಿ ಬರುವುದು ಅವುಗಳ ಸ್ವಭಾವ. ನಮ್ಮ ಮನೆಯೇ ಅವಕ್ಕೆ ಗುಡ್ಡ. ಮುನಿಗಳು ಮಳೆಗಾಲದ ನಾಲ್ಕು ತಿಂಗಳು ವಿಹಾರ ನಿಲ್ಲಿಸಿ ಒಂದೇ ಕಡೆ ಚಾತುರ್ಮಾಸ ಕೂರುವುದು ಇಂಥ ಜೀವರಾಶಿ ನೆಲದ ಮೇಲೆಲ್ಲ ತುಂಬಿಕೊಳ್ಳುವ ಕಾಲ ಇದೆಂದೇ ಅಲ್ಲವೇ. ಗೃಹಸ್ಥರಾದ ನಮಗೆ ಆ ಅನುಕೂಲವಿಲ್ಲ. ನಾವು ಓಡಾಡಲೇಬೇಕು, ಅವೂ ಓಡಾಡುತ್ತವೆ.

ಎಲ್ಲ ಇರುವೆಯೂ ಒಂದೇ ಅಲ್ಲವೆಂಬುದನ್ನು ಮೊದಲು ಹೇಳಬೇಕು. ಕಪ್ಪಗೆ ದಪ್ಪಗಿರುವ ಗೊದ್ದ ಒಂಟೊಂಟಿಯಾಗಿ ತಿರುಗುತ್ತದೆ, ಅದರಿಂದ ಹೆಚ್ಚಿನ ತೊಂದರೆಯಿಲ್ಲ. ಕಾಫಿ ತೋಟದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಕೆಂಪು ಚಗಳಿ, ಇಲ್ಲಿಯವರು ನೀರ್ ಎಂದೋ ಪುಳಿಯುರುಂಬು ಎಂದೋ ಕರೆಯುವುದು, ಹಣ್ಣು ಕೊಯ್ಯುವ ಹೆಂಗಸರಿಗೆ ದೊಡ್ಡ ಕಾಟ. ಆದರೆ ಅದು ಮನೆಯೊಳಗೆ ಬರುವುದು ಕಡಿಮೆ. ಚೀನಾ ದೇಶದ ರೈತರು ಕ್ರಿ.ಶ. 304ರ ಸುಮಾರಿಗೇ ಕಿತ್ತಳೆ ಜಾತಿಯ ಮರಗಳಿಗೆ ಈ ಜಾತಿಯ ಇರುವೆಗೂಡನ್ನು ತಂದು ಕಟ್ಟಿ ಬೇರೆ ಹುಳುಗಳಿಂದ ಬೆಳೆ ಕಾಯ್ದುಕೊಳ್ಳುತ್ತಿದ್ದರಂತೆ. ನಮ್ಮವರು ಅದನ್ನು ಬೈಯುವುದು ಮಾತ್ರ ಕಲಿತರು. ಮನೆಗೆ ನಿಜವಾಗಿ ತೊಂದರೆ ಕೊಡುವುದು ಎರಡು ಜಾತಿ. ನೆಲದಿಂದ ಬಂದು ಉರಿಯುವಂತೆ ಕಡಿಯುವ ಸಣ್ಣ ಕೆಂಪಿರುವೆ ಒಂದು. ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕದಾಗಿ, ತಿಳಿ ಹಳದಿ ಬಣ್ಣಕ್ಕಿದ್ದು, ಗೋಡೆಯ ಸಂದಿ, ಸ್ವಿಚ್ಚು ಬೋರ್ಡುಗಳಲ್ಲಿ ಸಂಸಾರ ಹೂಡುವುದು ಇನ್ನೊಂದು. ಈ ಎರಡನೆಯದಕ್ಕೆ ಫೇರೋ ಇರುವೆ ಎಂಬ ದೊಡ್ಡ ಹೆಸರಿದೆ. ಲೋಕದ ಎಲ್ಲ ಕಡೆ ಆಸ್ಪತ್ರೆಗಳಲ್ಲಿ ಗಾಯದ ಪಟ್ಟಿಯೊಳಗೂ ನುಗ್ಗಿ ವೈದ್ಯರಿಗೆ ತಲೆನೋವಾದ ಇರುವೆ ಇದೇ.

ಈಗ ಹಳೆಯ ಮಾತಿಗೆ ಬರೋಣ.

ನಮ್ಮ ತಾಯಿಯವರು ಪ್ರತಿದಿನ ಬೆಳಿಗ್ಗೆ ದರ್ಶನ ಮುಗಿಸಿ ಬಂದ ಮೇಲೆ ಹಿತ್ತಲ ಅಡಿಕೆ ಮರದ ಬುಡಕ್ಕೆ ಒಂದು ಚಿಟಿಕೆ ಸಕ್ಕರೆ, ಒಂದು ಚಿಟಿಕೆ ಅಕ್ಕಿಹಿಟ್ಟು ಹಾಕುತ್ತಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ, ಅವರ ತಾಯಿ ಹಾಕುತ್ತಿದ್ದರು, ಇವರೂ ಹಾಕಿದರು. ಇರುವೆ ಮೂರು ಇಂದ್ರಿಯದ ಜೀವ, ಅದಕ್ಕೆ ಸ್ಪರ್ಶ, ರಸನ, ಘ್ರಾಣ ಮಾತ್ರ, ಕಣ್ಣಿಲ್ಲ ಕಿವಿಯಿಲ್ಲ ಎಂದು ನಮಗೆ ಹೇಳಿಕೊಟ್ಟವರೂ ಅವರೇ. (ಇರುವೆಗೆ ಚಿಕ್ಕ ಕಣ್ಣುಗಳಿವೆ ಎಂದು ಮೊಮ್ಮಗಳು ಶಾಲೆಯ ಪುಸ್ತಕ ತಂದು ತೋರಿಸಿದಳು. ಇರಬಹುದು. ಆದರೆ ಅದು ಬದುಕುವುದು ಮೂಗಿನಿಂದಲೇ ಎಂಬುದನ್ನು ಆ ಪುಸ್ತಕವೂ ಒಪ್ಪುತ್ತದೆ.)

ನಮ್ಮ ತಂದೆಯವರ ಕಾಲದಿಂದಲೂ ನಮ್ಮದು ದಿನಸಿ ಅಂಗಡಿ, ಜೊತೆಗೆ ಸ್ವಲ್ಪ ಮೆಣಸು, ಕಾಫಿ ಖರೀದಿ. ಮೆಟ್ರಿಕ್ ಮುಗಿಸಿ ನಾವು ಗಲ್ಲಾಪೆಟ್ಟಿಗೆಯ ಹಿಂದೆ ಕೂತೆವು. ಅಂಗಡಿಯಲ್ಲಿ ಬೆಲ್ಲ, ಸಕ್ಕರೆ, ಕೊಬ್ಬರಿ ಇದ್ದ ಮೇಲೆ ಇರುವೆ ಇಲ್ಲದೆ ಹೋದೀತೇ. ಆ ದಿನಗಳಲ್ಲಿ ಇರುವೆಗೆ ಒಂದೇ ಔಷಧ, ಬಿ.ಎಚ್.ಸಿ. ಪುಡಿ. ಗಮ್ಮಾಕ್ಸಿನ್ ಎಂದರೆ ಹಳಬರಿಗೆಲ್ಲ ಗೊತ್ತು. ಬಿಳಿಚಿದ ಬೂದು ಬಣ್ಣ, ಮೂಗು ಕಟ್ಟುವ ವಾಸನೆ. ನಾವು ಅದನ್ನು ಸೇರು ಲೆಕ್ಕದಲ್ಲಿ ಕಾಗದದ ಪೊಟ್ಟಣ ಕಟ್ಟಿ ಮಾರಿದ್ದೇವೆ. ಒಂದು ಕೈಯಲ್ಲಿ ರವೆ ಅಳೆದು, ಅದೇ ಕೈ ಪಂಚೆಗೆ ಒರಸಿಕೊಂಡು ಅದನ್ನೂ ಅಳೆದಿದ್ದೇವೆ. ಆಗ ಅದು ತಪ್ಪೆಂದು ಯಾರಿಗೂ ಅನ್ನಿಸಿರಲಿಲ್ಲ, ನಮಗೂ ಅನ್ನಿಸಲಿಲ್ಲ.

1986ರ ಮಳೆಗಾಲ. ಮನೆಯ ಉಗ್ರಾಣಕ್ಕೆ ಕೆಂಪಿರುವೆ ನುಗ್ಗಿ ಎರಡು ಗೋಣಿ ಬೆಲ್ಲ ಹಾಳಾಯಿತು. ಆಗಿನ ಬೆಲೆಗೆ ಅದು ನಮಗೆ ದೊಡ್ಡ ನಷ್ಟ. ಕೋಪದಲ್ಲಿ ಅಂಗಡಿಯಿಂದ ಪುಡಿ ತಂದು ರಾತ್ರಿ ಮನೆಯ ಸುತ್ತ, ಗೋಡೆಯ ಬುಡಕ್ಕೆಲ್ಲ, ಹಿತ್ತಲಿನವರೆಗೂ ಹಾಕಿಬಿಟ್ಟೆವು. ಬೆಳಿಗ್ಗೆ ತಾಯಿಯವರು ಸಕ್ಕರೆ ಹಿಡಿದು ಅಡಿಕೆ ಮರದ ಹತ್ತಿರ ಹೋದರು. ಬುಡದಲ್ಲಿ ಇರುವೆ ಕಪ್ಪಗೆ ರಾಶಿ ಬಿದ್ದಿತ್ತು, ಒಂದೂ ಅಲ್ಲಾಡುತ್ತಿರಲಿಲ್ಲ. ಅವರು ಬೈಯಲಿಲ್ಲ. ಸಕ್ಕರೆಯನ್ನು ಹಾಗೆಯೇ ಡಬ್ಬಿಗೆ ವಾಪಸು ಹಾಕಿ ಒಳಗೆ ಬಂದು, "ಇದು ನಮ್ಮ ಅಂಗಡೀಲಿ ಮಾರೋ ಪುಡಿನೇ ಏನಪ್ಪಾ?" ಎಂದು ಕೇಳಿದರು. ಹೌದೆಂದೆವು. ಅವತ್ತು ಉಪವಾಸ ಮಾಡಿದರು. ಅಷ್ಟೆ. ಆಮೇಲೆ ಆ ಮಾತು ಅವರು ಒಂದು ಸಲವೂ ಎತ್ತಲಿಲ್ಲ.

ಹನ್ನೆರಡೇ ದಿನ. ಕೆಂಪಿರುವೆ ಪುನಃ ಉಗ್ರಾಣದಲ್ಲಿತ್ತು. ಸತ್ತದ್ದು ಅಡಿಕೆ ಮರದ ಬುಡದ, ಯಾರಿಗೂ ಏನೂ ಮಾಡದ ಕಪ್ಪಿರುವೆ!

ಅದಾದ ಮೇಲೂ ನಾವು ಪುಡಿ ಮಾರುವುದನ್ನು ನಿಲ್ಲಿಸಲಿಲ್ಲವೆಂದು ಇಲ್ಲಿ ಒಪ್ಪಿಕೊಳ್ಳಬೇಕು. ಗಿರಾಕಿ ಕೇಳುತ್ತಾನೆ, ನಾವು ಕೊಡದಿದ್ದರೆ ಪಕ್ಕದ ಅಂಗಡಿಯವನು ಕೊಡುತ್ತಾನೆ ಎಂಬುದು ವ್ಯಾಪಾರಿಯ ಹಳೆಯ ಸಮಾಧಾನ. 1997ರ ಏಪ್ರಿಲ್‌ನಿಂದ ಸರ್ಕಾರವೇ ಬಿ.ಎಚ್.ಸಿ.ಯನ್ನು ನಿಷೇಧಿಸಿತು. ಅದು ನೆಲದಲ್ಲಿ ವರ್ಷಗಟ್ಟಲೆ ಕರಗದೆ ಉಳಿಯುತ್ತದೆ, ಹಸುವಿನ ಹಾಲಿಗೂ ತಾಯಿಯ ಹಾಲಿಗೂ ಇಳಿಯುತ್ತದೆ ಎಂದು ಆಮೇಲೆ ತಿಳಿಯಿತು. ನಮ್ಮ ಅಂಗಡಿಯಲ್ಲಿ ಅದು ನಿಂತದ್ದು ಧರ್ಮದಿಂದಲ್ಲ, ಕಾನೂನಿನಿಂದ. ಕಾಸರಗೋಡಿನ ನಮ್ಮ ಕನ್ನಡ ಊರುಗಳಲ್ಲಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಚೆಲ್ಲಿದ್ದು, 2000ದವರೆಗೂ ಸುಮಾರು ಎರಡು ದಶಕ ಅದು ನಡೆದದ್ದು, ಎಣ್ಮಕಜೆಯಂಥ ಊರುಗಳಲ್ಲಿ ಹುಟ್ಟಿದ ಮಕ್ಕಳ ಸ್ಥಿತಿ, 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ತಡೆದದ್ದು, ಇವೆಲ್ಲ ಓದುಗರಿಗೆ ಗೊತ್ತಿರುವ ಸಂಗತಿ. ಅದೂ ಹುಳಕ್ಕೆಂದೇ ಹಾಕಿದ ಮದ್ದು.

ತಾಯಿಯವರು 1999ರಲ್ಲಿ ತೀರಿಕೊಂಡರು. ಹಳೆಯ ಮನೆಯೂ ಹೋಯಿತು. ಆ ಮನೆಯಲ್ಲಿ ಅಡುಗೆಯ ಒಲೆಯ ಹೊಗೆ ಇತ್ತು, ದಿನವೂ ಸಾರಿಸಿದ ನೆಲ ಇತ್ತು, ಹಾಲು ಮೊಸರಿನ ಗೂಡಿನ ನಾಲ್ಕು ಕಾಲಿಗೂ ನೀರು ತುಂಬಿದ ಕಲ್ಲಿನ ಬಟ್ಟಲಿತ್ತು, ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿದು ಪಾತ್ರೆ ತೊಳೆದು ಬೋರಲು ಹಾಕಿರುತ್ತಿದ್ದರು. ರಾತ್ರಿ ಇರುವೆ ಬಂದರೂ ಅದಕ್ಕೆ ಸಿಗುವುದು ಏನೂ ಇರಲಿಲ್ಲ. ಹೊಸ ಮನೆಗೆ ಟೈಲ್ಸ್ ಹಾಕಿಸಿದೆವು, ಗೋಡೆಯೊಳಗೆ ಕೊಳವೆ, ವಯರು ಎಲ್ಲ ಹುದುಗಿಸಿದೆವು. ಅಂದರೆ ಗೋಡೆಯೊಳಗೆ ಇರುವೆಗೆ ಬೆಚ್ಚನೆಯ ಬೀದಿ ಮಾಡಿಕೊಟ್ಟೆವು. ನಮ್ಮ ಹಿರಿಯರು ಬತ್ತೇರಿಯನ್ನು ಹನ್ನೆರಡು ಬೀದಿ ಎಂದು ಕರೆಯುತ್ತಿದ್ದರು. ಈಗ ಬೀದಿಗಳೆಲ್ಲ ಗೋಡೆಯೊಳಗಿವೆ ಎಂದು ನಮ್ಮ ಮನೆಯವರು ಹಾಸ್ಯ ಮಾಡುತ್ತಾರೆ.

2022ರ ಜೂನ್‌ನಲ್ಲಿ ನಮ್ಮ ಮೊಮ್ಮಗನಿಗೆ ಎಂಟು ತಿಂಗಳು. ಒಂದು ರಾತ್ರಿ ತೊಟ್ಟಿಲಲ್ಲಿ ಕಿಟಾರನೆ ಕಿರುಚಿಕೊಂಡ. ದೀಪ ಹಾಕಿ ನೋಡಿದರೆ ಕತ್ತು, ಕಿವಿಯ ಹಿಂದೆ, ಕಂಕುಳಲ್ಲಿ ಕೆಂಪಿರುವೆ. ಬೆಳಗಾಗುವಾಗ ಮೈತುಂಬ ಕೆಂಪು ಗುಳ್ಳೆ, ಕೆಲವಕ್ಕೆ ಕೀವಿನ ಮೊನೆ. ಡಾಕ್ಟರರು ನೋಡಿ, ಹೆದರಬೇಕಾಗಿಲ್ಲ, ಆದರೆ ಕೆಲವು ಮಕ್ಕಳಿಗೆ ಇಂಥ ಕಡಿತ ಒಗ್ಗದೆ ಉಸಿರು ಕಟ್ಟುವುದುಂಟು, ಮತ್ತೆ ಆಗದಂತೆ ನೋಡಿಕೊಳ್ಳಿ ಎಂದರು. ಸೊಸೆ ಮೂಡಬಿದಿರೆಯ ಹುಡುಗಿ, ನಮಗಿಂತ ಹೆಚ್ಚು ನಿಯಮ ನಿಷ್ಠೆಯಿಂದ ಬೆಳೆದವಳು. ಅವಳೇ ಮಗುವನ್ನು ಹೆಗಲಿಗೆ ಹಾಕಿಕೊಂಡು ನಮ್ಮೆದುರು ಬಂದು ನಿಂತು, "ಮಾವ, ಔಷಧಿ ಹೊಡೆಸಿ. ಪಾಪ ಬಂದರೆ ನನಗೆ ಬರಲಿ" ಎಂದಳು.

ಇದಕ್ಕೆ ಏನು ಹೇಳುವುದು? ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ಹಿಂಸೆಯಲ್ಲಿ ನಾಲ್ಕು ಬಗೆ ಹೇಳುತ್ತಾರೆ. ಗೃಹಸ್ಥ ಪೂರ್ತಿ ಬಿಡಬೇಕಾದದ್ದು ಸಂಕಲ್ಪಿಯನ್ನು. ಮಗುವನ್ನು ಕಾಯುವುದು ವಿರೋಧಿಯ ಲೆಕ್ಕಕ್ಕೆ ಬರುತ್ತದೆಂದು ಮಗ ವಾದಿಸಿದ. ಸತ್ತ ಇರುವೆಗೆ ಯಾವ ಬಾಬ್ತಿನಲ್ಲಿ ಸತ್ತೆನೆಂಬುದು ತಿಳಿಯುವುದಿಲ್ಲ ಎಂದು ನಮ್ಮ ಮನೆಯವರು ಹೇಳಿದರು. ನಾವು ಸುಮ್ಮನಿದ್ದೆವು. ಸುಮ್ಮನಿದ್ದರೆ ಒಪ್ಪಿದಂತೆ. ಮರುದಿನ ಔಷಧಿ ಹೊಡೆಯುವವರು ಬಂದರು. ಒಂದು ದಿನ ಮನೆ ಖಾಲಿ ಮಾಡಿ ನೆಂಟರ ಮನೆಯಲ್ಲಿದ್ದು ಬಂದೆವು. ನೆಲದ ಮೇಲಿನ ರಾಶಿಯನ್ನು ಗುಡಿಸಿದ್ದು ನಾವೇ, ಬೇರೆಯವರ ಕೈಯಲ್ಲಿ ಮಾಡಿಸಲು ಮನಸ್ಸಾಗಲಿಲ್ಲ.

ಒಂಬತ್ತು ದಿನ ಶಾಂತಿ. ಹತ್ತನೆಯ ದಿನ ಕೆಂಪಿರುವೆ ತೊಟ್ಟಿಲ ಕೋಣೆಯ ಮೂಲೆಯಲ್ಲಿ ಕಂಡಿತು. ಅದಕ್ಕಿಂತ ವಿಚಿತ್ರವೆಂದರೆ, ಮೊದಲು ಅಡುಗೆಮನೆಯ ಒಂದೇ ಸ್ವಿಚ್ಚು ಬೋರ್ಡಿನಲ್ಲಿದ್ದ ಹಳದಿ ಇರುವೆ ಈಗ ಬಚ್ಚಲು, ಫ್ರಿಜ್ಜಿನ ಹಿಂದೆ, ದೇವರ ಕೋಣೆ ಹೀಗೆ ಮೂರು ಕಡೆ ಇತ್ತು. ಹಣ ಕೊಟ್ಟು ಒಂದನ್ನು ಮೂರು ಮಾಡಿಸಿಕೊಂಡಿದ್ದೆವು!

ನಮ್ಮ ಅಂಗಡಿಗೆ ಬರುವ ನಿವೃತ್ತ ಮೇಷ್ಟ್ರೊಬ್ಬರು ಕೃಷಿ ವಿಷಯ ಕಲಿಸಿದವರು. ಅವರ ಹತ್ತಿರ ಹೇಳಿಕೊಂಡಾಗ ನಕ್ಕು, "ಗೌಡರೇ, ಹೊರಗೆ ಕಾಣುವುದು ಕೂಲಿಯಾಳು ಮಾತ್ರ. ಯಜಮಾನಿ ಒಳಗಿದ್ದಾಳೆ" ಎಂದರು. ಅವರು ವಿವರಿಸಿದ್ದನ್ನು ನಮಗೆ ಅರ್ಥವಾದಂತೆ ಬರೆಯುತ್ತೇವೆ. ಗೂಡಿನಲ್ಲಿರುವ ಇರುವೆಗಳಲ್ಲಿ ಸ್ವಲ್ಪ ಪಾಲು ಮಾತ್ರ ಆಹಾರ ಹುಡುಕಿ ಹೊರಬರುತ್ತವೆ. ಅವನ್ನು ಕೊಂದರೆ ಒಳಗಿನ ರಾಣಿ ಮೊಟ್ಟೆಯಿಡುವುದು ನಿಲ್ಲಿಸುವುದಿಲ್ಲ, ಕೆಲವು ವಾರಕ್ಕೆ ಲೆಕ್ಕ ಸರಿಯಾಗುತ್ತದೆ. ಆ ಹಳದಿ ಇರುವೆಯ ಒಂದೊಂದು ಗೂಡಿನಲ್ಲಿ ಹಲವು ರಾಣಿಯರು. ಔಷಧಿಯ ವಾಸನೆ ಬಡಿದರೆ ಅವು ಸಾಯುವ ಬದಲು ಪಾಲಾಗಿ, ಒಬ್ಬೊಬ್ಬ ರಾಣಿ ಕೆಲವು ಆಳುಗಳನ್ನು ಕಟ್ಟಿಕೊಂಡು ಬೇರೆ ಸಂಸಾರ ಹೂಡುತ್ತದೆ. ಅಣ್ಣತಮ್ಮಂದಿರು ಜಗಳವಾಡಿ ಅಂಗಡಿ ಪಾಲು ಮಾಡಿಕೊಂಡ ಹಾಗೆ. ವ್ಯಾಪಾರಸ್ಥರಾದ ನಮಗೆ ಇದು ಬೇಗ ಅರ್ಥವಾಯಿತು.

"ಕೊಲ್ಲುವ ಮಾತು ಆಮೇಲೆ. ಮೊದಲು ಎರಡು ಸಂಜೆ ಟಾರ್ಚು ಹಿಡಿದು ಸಾಲು ಎಲ್ಲಿಂದ ಬರುತ್ತದೆ ನೋಡಿ" ಎಂದು ಮೇಷ್ಟ್ರು ಹೇಳಿದರು. ಅರವತ್ತು ದಾಟಿದ ಮೇಲೆ ನೆಲದ ಮೇಲೆ ಮೊಣಕಾಲೂರಿ ಇರುವೆಯ ಹಿಂದೆ ಹೋಗುವ ಯೋಗ ನಮ್ಮದಾಯಿತು. ಸಾಲು ತೊಟ್ಟಿಲಿನಿಂದ ಹಗ್ಗ ಹತ್ತಿ, ಹಲಗೆಯ ಕೊಕ್ಕೆ, ಮಾಡಿನ ಅಂಚು, ವಯರು ಹೋಗುವ ತೂತು, ಅಲ್ಲಿಂದ ಹೊರಗೆ. ಹೊರಗೆ ಗೋಡೆಗೆ ತಾಗಿಕೊಂಡಿದ್ದ ನಿಂಬೆ ಗಿಡದ ಕೊಂಬೆ. ಆ ಕೊಂಬೆಯ ಎಲೆಯಡಿ ತುಂಬ ಬಿಳಿ ಹಿಟ್ಟಿನಂಥ ಹುಳ. ಈ ಹಿಟ್ಟು ಹುಳ, ಕಾಫಿಗೆ ಬರುವ ಹಸಿರು ಶಲ್ಕಕೀಟ, ಹೇನು ಇವೆಲ್ಲ ಗಿಡದ ರಸ ಹೀರಿ ಸಿಹಿಯಾದ ಅಂಟು ನೀರು ಬಿಡುತ್ತವೆ. ಇರುವೆಗೆ ಅದೇ ಹಾಲು. ನಾವು ದನ ಕಾಯ್ದಂತೆ ಅವು ಈ ಹುಳಗಳನ್ನು ಕಾಯುತ್ತವೆ. ಅಲ್ಲಿಗೆ ಬಂದ ಇರುವೆಗೆ ಮಗು ಕಕ್ಕಿದ ಹಾಲಿನ ವಾಸನೆಯ ಬಟ್ಟೆ ಎರಡು ಮಾರು ದೂರ, ಅಷ್ಟೆ. ತೊಟ್ಟಿಲಿಗೆ ಹಾಕಿದ ಬಟ್ಟೆಯನ್ನು ಮಳೆಯಲ್ಲಿ ಒಣಗದೆಂದು ಎರಡು ದಿನಕ್ಕೊಮ್ಮೆ ಬದಲಾಯಿಸುತ್ತಿದ್ದರು.

ಮಾಡಿದ್ದು ಇಷ್ಟು. ಗೋಡೆಗೆ ತಾಗುವ ಕೊಂಬೆಗಳನ್ನೆಲ್ಲ ಒಂದು ಮೊಳ ಅಂತರ ಬರುವಂತೆ ಸವರಿಸಿದೆವು. ಪಕ್ಕದ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯೊಂದು ಮಾಡಿನ ಮೇಲೆ ಕೈ ಚಾಚಿತ್ತು, ಅದನ್ನೂ ಇಳಿಸಿದೆವು. ವಯರು, ಕೊಳವೆ ಬರುವ ತೂತುಗಳನ್ನು ಮೇಸ್ತ್ರಿ ಕರೆಸಿ ಸಿಮೆಂಟಿನಲ್ಲಿ ಮುಚ್ಚಿಸಿದೆವು. ಮುಚ್ಚುವ ಮೊದಲು ಒಂದು ದಿನ ಒಳಗಿರುವುದು ಹೊರಹೋಗಲಿ ಎಂದು ಒಳಗಿನ ಸಾಲನ್ನು ಅಳಿಸಿ ಬಿಟ್ಟೆವು. ಸಾಲು ಅಳಿಸುವುದೆಂದರೆ ಕಷ್ಟದ ಕೆಲಸವಲ್ಲ. ಇರುವೆ ನಡೆದ ದಾರಿಯಲ್ಲಿ ತನ್ನ ಮೈಯಿಂದ ಒಂದು ವಾಸನೆ ಬಿಟ್ಟು ಹೋಗುತ್ತದೆ, ಹಿಂದಿನದು ಅದನ್ನೇ ಹಿಡಿದು ಬರುತ್ತದೆ. ಬರಿ ಬಟ್ಟೆಯಲ್ಲಿ ಒರಸಿದರೆ ಆ ವಾಸನೆ ಹೋಗದು, ಸಾಬೂನು ನೀರಿನಲ್ಲಿ ಒರಸಬೇಕು. ಮೊದಲು ಮೆತ್ತನೆಯ ಪೊರಕೆಯಲ್ಲಿ, ಮುನಿಗಳು ಪಿಂಛಿ ಆಡಿಸುವಂತೆ, ಇರುವೆಗಳನ್ನು ಮೆಲ್ಲಗೆ ಮೊರಕ್ಕೆ ತೆಗೆದು ಹಿತ್ತಲಿಗೆ ಬಿಟ್ಟು ಆಮೇಲೆ ಒರಸಿದರಾಯಿತು. ತೊಟ್ಟಿಲ ಹಗ್ಗದ ಮೇಲ್ತುದಿಗೆ ಹರಳೆಣ್ಣೆಯಲ್ಲಿ ನೆನೆಸಿದ ಬಟ್ಟೆ ಸುತ್ತಿದೆವು. ಅಂಟು ಎಣ್ಣೆಯನ್ನು ಇರುವೆ ದಾಟುವುದಿಲ್ಲ, ಹಿಂದಕ್ಕೆ ತಿರುಗುತ್ತದೆ. ಎಣ್ಣೆ ಒಣಗಿದರೆ ದಾಟುತ್ತದೆ, ಆದ್ದರಿಂದ ಮೂರು ದಿನಕ್ಕೊಮ್ಮೆ ಹಚ್ಚಬೇಕು. ತೊಟ್ಟಿಲ ಬಟ್ಟೆಯನ್ನು ಪ್ರತಿ ರಾತ್ರಿ ಬದಲಾಯಿಸಿ, ಮಳೆಯಿದ್ದರೆ ಇಸ್ತ್ರಿ ಹಾಕಿ ಒಣಗಿಸಿದರು. ಕೆಂಪಿರುವೆ ಆ ಕೋಣೆಗೆ ಅಂದಿನಿಂದ ಬಂದಿಲ್ಲ. ಹಿತ್ತಲಲ್ಲಿ ಅದರ ಗೂಡು ಇಂದಿಗೂ ಇದೆ.

ಆ ಆಗಸ್ಟಿನಲ್ಲಿ ಮಗ ಪತ್ರಿಕೆ ಹಿಡಿದು ಬಂದು ಓದಿ ಹೇಳಿದ. ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಕರಂತಮಲೆ ಕಾಡಿನ ಸುತ್ತಿನ ಹಳ್ಳಿಗಳಲ್ಲಿ ಹಳದಿ ಹುಚ್ಚಿರುವೆ ಎಂಬ ಒಂದು ಜಾತಿ ವಿಪರೀತ ಹೆಚ್ಚಿ, ದನಗಳ ಕಣ್ಣಿಗೆ ಆಮ್ಲ ಉಗುಳಿ, ಜನ ಊರು ಬಿಡುವ ಸ್ಥಿತಿ ಬಂದಿತ್ತಂತೆ. ಇದೇ ಇರುವೆ ಆಸ್ಟ್ರೇಲಿಯಾಕ್ಕೆ ಸೇರಿದ ಕ್ರಿಸ್ಮಸ್ ದ್ವೀಪದಲ್ಲಿ ಕೋಟಿಗಟ್ಟಲೆ ಕೆಂಪು ಏಡಿಗಳನ್ನು ಕೊಂದಿದೆ. ಅಲ್ಲಿಯವರು ಮೊದಲು ಹೆಲಿಕಾಪ್ಟರಿನಿಂದ ವಿಷದ ತುಣುಕು ಎರಚಿ ನೋಡಿದರು, ತಾತ್ಕಾಲಿಕ ಫಲ. ಆಮೇಲೆ 2016ರ ಕೊನೆಯಲ್ಲಿ ಮಲೇಷ್ಯಾದಿಂದ ಒಂದು ಬಗೆಯ ಅತಿ ಸಣ್ಣ ಕಣಜವನ್ನು ತಂದು ಬಿಟ್ಟರು. ಆ ಕಣಜ ಇರುವೆಯನ್ನು ಮುಟ್ಟುವುದೇ ಇಲ್ಲ. ಇರುವೆಗೆ ಸಿಹಿನೀರು ಕೊಡುವ ಅರಗಿನ ಹುಳವನ್ನು ಮಾತ್ರ ಕಡಿಮೆ ಮಾಡುತ್ತದೆ. ನಮ್ಮ ನಿಂಬೆ ಗಿಡದ ಕಥೆಯನ್ನೇ ಅಷ್ಟು ದೊಡ್ಡ ದ್ವೀಪಕ್ಕೆ ಹಬ್ಬಿಸಿದಂತಿತ್ತು. ಅದರಲ್ಲೂ ಹಿಂಸೆಯಿದೆ ಎನ್ನುವವರಿಗೆ ನಮ್ಮ ಆಕ್ಷೇಪವಿಲ್ಲ.

ಈಗ ಉಳಿದದ್ದು ಹಳದಿ ಇರುವೆ. ಇದನ್ನು ಬರೆಯದೆ ಬಿಡಬಹುದಿತ್ತು. ಮನೆಯವರೂ ಬೇಡವೆಂದರು. ಆದರೆ ಅರ್ಧ ಲೆಕ್ಕ ಬರೆದು ಪುಸ್ತಕ ಮುಚ್ಚುವುದು ನಮ್ಮ ಅಭ್ಯಾಸವಲ್ಲ.

ಕೆಂಪಿರುವೆಗೆ ನಡೆದ ಉಪಾಯ ಹಳದಿಗೆ ನಡೆಯಲಿಲ್ಲ. ಅದು ಹೊರಗಿನಿಂದ ಬರುವುದಲ್ಲ, ಗೋಡೆಯೊಳಗೇ ವಾಸ. ಮಗುವಿನ ಹಾಲಿನ ಬಾಟಲಿಯ ನಿಪ್ಪಲಿನೊಳಗೆ ಹೋಗಿ ಕೂರುತ್ತಿತ್ತು. ಸೆಪ್ಟೆಂಬರಿನಲ್ಲಿ ಅಡುಗೆಮನೆಯ ಬೋರ್ಡಿನಲ್ಲಿ ಕಿಡಿ ಹಾರಿ ಕಮಟು ವಾಸನೆ ಬಂತು. ಎಲೆಕ್ಟ್ರಿಷಿಯನ್ ಬಿಚ್ಚಿ ನೋಡಿದರೆ ಸ್ವಿಚ್ಚಿನ ತಗಡುಗಳ ನಡುವೆ ಸುಟ್ಟ ಇರುವೆ ಕರಿಕಾಗಿ ಹಿಡಿದಿತ್ತು, ಹಿಂದೆ ಡಬ್ಬಿ ತುಂಬ ಬದುಕಿದ್ದವು. ನಾವು ಕೊಲ್ಲದಿದ್ದರೂ ವಿದ್ಯುತ್ತು ದಿನವೂ ಕೊಲ್ಲುತ್ತಿತ್ತು. ಮೂರು ಸಲ ಸ್ವಿಚ್ಚು ಬದಲಾಯಿಸಿ, ಬೋರ್ಡು ಮುಚ್ಚಿಸಿ ನೋಡಿದೆವು. ಇನ್ನೊಂದು ಬೋರ್ಡಿನಲ್ಲಿ ಎದ್ದಿತು.

ಕಡೆಗೆ ಮೇಷ್ಟ್ರು ಹೇಳಿದ ಬೋರಿಕ್ ಪುಡಿಯನ್ನು ಬಳಸಿದೆವು. ಕೇರಂ ಆಡುವವರಿಗೆ ಗೊತ್ತಿರುವ ಪುಡಿ ಅದೇ. ಸಕ್ಕರೆ ನೀರಿನಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ಕರಗಿಸಬೇಕು. ಹೆಚ್ಚು ಹಾಕಿದರೆ ಇರುವೆ ದಾರಿಯಲ್ಲೇ ಸಾಯುತ್ತದೆ, ಕಡಿಮೆಯಾದರೆ ಹೊಟ್ಟೆಯಲ್ಲಿ ಹೊತ್ತು ಗೂಡಿಗೆ ಹೋಗಿ ಬಾಯಿಂದ ಬಾಯಿಗೆ ಎಲ್ಲರಿಗೂ, ಮರಿಗಳಿಗೂ, ರಾಣಿಗೂ ಕೊಡುತ್ತದೆ. ಹಂಚಿ ತಿನ್ನುವ ಅದರ ಗುಣವನ್ನೇ ಹಿಡಿದು ಕೊಲ್ಲುವುದು ಇದರ ಕ್ರಮ. ಅಡಿಕೆ ಮರದ ಬುಡಕ್ಕೆ ಹಾಕುತ್ತಿದ್ದ ಸಕ್ಕರೆ ನೆನಪಾಗದೆ ಇರಲಿಲ್ಲ. ಹತ್ತಿಯಲ್ಲಿ ಅದ್ದಿ, ಬಾಟಲಿಯ ಮುಚ್ಚಳದಲ್ಲಿಟ್ಟು, ಮಗುವಿನ ಕೈಗೆ ಎಟುಕದಂತೆ ಫ್ರಿಜ್ಜಿನ ಹಿಂದೆ, ಬೋರ್ಡಿನ ಮೇಲೆ ಇಟ್ಟವರು ನಾವೇ. ಸೊಸೆಯ ಕೈಯಲ್ಲಿ ಇಡಿಸಲಿಲ್ಲ, ಮಗನ ಕೈಯಲ್ಲೂ ಇಡಿಸಲಿಲ್ಲ. ಮೊದಲ ಎರಡು ದಿನ ಸಾಲು ದಪ್ಪವಾಯಿತು. ಮೂರು ವಾರಕ್ಕೆ ಒಂದೂ ಇರಲಿಲ್ಲ. ಆ ಚತುರ್ದಶಿಗೆ ಉಪವಾಸ ಮಾಡಿ ಪ್ರತಿಕ್ರಮಣ ಮಾಡಿದೆವು. ಅದರಿಂದ ಎಷ್ಟು ಜಮೆಯಾಯಿತೋ ಹೇಳುವವರು ನಾವಲ್ಲ.

ಔಷಧಿ ಹೊಡೆಸಿದಾಗ ಸತ್ತದ್ದು ಹೆಚ್ಚೋ, ಇದರಲ್ಲಿ ಸತ್ತದ್ದು ಹೆಚ್ಚೋ ಎಂದು ಸೊಸೆ ಒಂದು ದಿನ ಕೇಳಿದಳು. ಇದರಲ್ಲೇ ಹೆಚ್ಚಿರಬೇಕು ಎಂದೆವು. ಅವಳು ಮುಂದೆ ಕೇಳಲಿಲ್ಲ, ಒಳಗೆ ಹೋಗಿ ಹಾಲಿನ ಪಾತ್ರೆಗಳನ್ನು ತೊಳೆದಿಟ್ಟಳು. ಅಂದಿನಿಂದ ನಮ್ಮ ಮನೆಯಲ್ಲಿ ರಾತ್ರಿ ಸಿಂಕಿನಲ್ಲಿ ಒಂದು ಎಂಜಲು ಲೋಟವೂ ಉಳಿಯುವುದಿಲ್ಲ. ಟಿ.ವಿ. ನೋಡುತ್ತ ಬಿಸ್ಕೆಟು ತಿನ್ನುವುದು ನಿಂತಿದೆ, ನಮ್ಮದೂ ಸಹ.

ಹುಣಸೂರಿನ ಸೋದರಿಯ ಅಕ್ಷತೆಯ ಬಟ್ಟಲಿಗೆ ಇಷ್ಟು ದೂರ ಹೋಗಬೇಕಾಗಿಲ್ಲ. ಅಕ್ಷತೆಯ ಅಕ್ಕಿಗೆ ಇರುವೆ ಬರುವುದು ಅಪರೂಪ, ಪಕ್ಕದಲ್ಲಿ ಕಲ್ಲುಸಕ್ಕರೆಯೋ ಕೊಬ್ಬರಿಯೋ ಇರಬೇಕು, ನೋಡಿ. ಅವನ್ನು ಪೂಜೆಯಾದ ಕೂಡಲೆ ತೆಗೆದು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ದೀಪದ ಎಣ್ಣೆ ಚೆಲ್ಲಿದ ಜಾಗವನ್ನು ಸಾಬೂನು ನೀರಿನಲ್ಲಿ ಒರಸಿ. ಬಟ್ಟಲನ್ನು ನೀರಿನ ತಟ್ಟೆಯ ಮಧ್ಯೆ ಇಡಿ. ಅರಿಶಿನ ಪುಡಿ, ಸುಣ್ಣದ ಗೆರೆ, ಬೂದಿ ಇವು ಒಣಗಿರುವಷ್ಟು ದಿನ ದಾರಿ ತಪ್ಪಿಸುತ್ತವೆ. ನಮ್ಮ ಮಲೆನಾಡ ಮಳೆಯಲ್ಲಿ ಅವು ಒಣಗಿರುವುದೇ ಇಲ್ಲ, ನಿಮ್ಮ ಕಡೆ ಪ್ರಯೋಜನವಾದೀತು. ಸಕ್ಕರೆ ಡಬ್ಬಿಗೆ ಲವಂಗ ಹಾಕಿದರೆ ಬರುವುದಿಲ್ಲವೆಂದು ಎಲ್ಲರೂ ಹೇಳುತ್ತಾರೆ. ನಮ್ಮಲ್ಲಿ ಲವಂಗದ ಮೇಲೇ ಕೂತಿದ್ದನ್ನು ಕಂಡಿದ್ದೇವೆ. ಅಂಗಡಿಯಲ್ಲಿ ಸಿಗುವ ಇರುವೆ ಸೀಮೆಸುಣ್ಣವನ್ನು ದೇವರ ಕೋಣೆಗೂ ಅಡುಗೆಮನೆಗೂ ತರಬೇಡಿ. ಅದು ಸುಣ್ಣವಲ್ಲ, ಕೀಟನಾಶಕ, ಮಕ್ಕಳು ಬಳಪವೆಂದು ಬಾಯಿಗಿಡುತ್ತವೆ. ನಮ್ಮ ಅಂಗಡಿಯಲ್ಲಿ ಅದನ್ನು ಇಡುವುದು ಬಿಟ್ಟು ಎರಡು ವರ್ಷವಾಯಿತು. ಈ ಸಲ ಯಾವ ಕಾನೂನೂ ಹೇಳಿರಲಿಲ್ಲ.

ಗೂಡಿನ ಕಾಲಿಗೆ ನೀರಿನ ಬಟ್ಟಲಿಡುವ ಹಳೆಯ ಪದ್ಧತಿ ಒಳ್ಳೆಯದೇ. ಆದರೆ ಒಂದು ಎಚ್ಚರ. ನೀರು ಒಂದು ವಾರ ನಿಂತರೆ ಅದರಲ್ಲಿ ಡೆಂಗೆ ತರುವ ಸೊಳ್ಳೆ ಮರಿಯಾಗುತ್ತದೆ. ಆರೋಗ್ಯ ಇಲಾಖೆಯವರು ಮನೆಮನೆಗೆ ಬಂದು ಮೊದಲು ನೋಡುವುದು ಇಂಥ ಬಟ್ಟಲುಗಳನ್ನೇ. ಮರಿಯಾದ ಮೇಲೆ ಚೆಲ್ಲಿದರೆ ಅದೂ ಹಿಂಸೆ. ಮರಿಯಾಗುವುದಕ್ಕೆ ಮೊದಲೇ, ಮೂರು ದಿನಕ್ಕೊಮ್ಮೆ, ಬಟ್ಟಲನ್ನು ಉಜ್ಜಿ ತೊಳೆದು ಸೋಸಿದ ನೀರು ತುಂಬಿ ಒಂದು ಹಿಡಿ ಉಪ್ಪು ಹಾಕಿ.

ಅಂಗಡಿಯವರಿಗೊಂದು ಮಾತು. ಬಂಡೀಪುರದ ದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಲಾರಿ ಬಿಡದಿರುವುದು 2009ರಿಂದ ನಡೆದುಬಂದ ನಿಯಮ. ಗಡಿಯಲ್ಲಿ ಕಾಡಿನ ಪಕ್ಕ ರಾತ್ರಿಯಿಡೀ ನಿಂತ ಲಾರಿಯ ಬೆಲ್ಲಕ್ಕೆ ಅಲ್ಲಿಯೇ ಇರುವೆ ಹತ್ತಿರುತ್ತದೆ. ಬೆಳಿಗ್ಗೆ ಸರಕು ಇಳಿಸಿದ ತಕ್ಷಣ ಗೋಣಿಯನ್ನು ಒಳಗೆ ಒಯ್ಯದೆ ಹೊರಗೆ ಬಿಸಿಲಿಗೆ ಹಲಗೆಯ ಮೇಲೆ ಒಂದು ಗಂಟೆ ಬಿಡಿ, ಬಹುಪಾಲು ತಾವಾಗಿಯೇ ಇಳಿದುಹೋಗುತ್ತವೆ. ಒಳಗೆ ಜೋಡಿಸುವಾಗ ಗೋಡೆಗೆ ತಾಗಿಸದೆ ಒಂದು ಗೇಣು ಬಿಟ್ಟು, ನೆಲದಿಂದ ಎತ್ತರದ ಮಣೆಯ ಮೇಲೆ ಇಡಿ. ಬಿಸಿಲೇ ಇಲ್ಲದ ಜುಲೈ ತಿಂಗಳಲ್ಲಿ ಏನು ಮಾಡುವುದೆಂದು ಕೇಳಿದರೆ, ಆ ತಿಂಗಳು ನಾವು ಬೆಲ್ಲದ ಆರ್ಡರನ್ನೇ ಅರ್ಧಕ್ಕಿಳಿಸುತ್ತೇವೆ.

ಚಿಕ್ಕಮಗಳೂರಿನ ಓದುಗರೊಬ್ಬರು ಅಕ್ಕಿಗೆ ಬೀಳುವ ಹುಳದ ಬಗ್ಗೆ ಕೇಳಿ ಎರಡು ಕಾಗದ ಹಾಕಿದ್ದಾರೆ. ಸ್ಥಳವಿಲ್ಲ, ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇವೆ. ಅಷ್ಟರೊಳಗೆ ಅಕ್ಕಿಯನ್ನು ನೆರಳಲ್ಲಿ ಹರಡಿ, ಸುಡುವ ಬಿಸಿಲಿಗೆ ಹಾಕಬೇಡಿ.